ಮಗುವಿಗೆ ಗಮನ ಇಲ್ಲ ಅನ್ನುವ ಮೊದಲು ಒಂದು ವಾರ ಸುಮ್ನೆ ನೋಡಿ

ಪೇರೆಂಟ್ಸ್ ಮೀಟಿಂಗ್‌ನಲ್ಲಿ ಮಕ್ಕಳ ಪುಟ್ಟ ಕುರ್ಚಿಯ ಮೇಲೆ ಮಂಡಿ ಮಡಚಿ ಕೂತು "ನಿಮ್ಮ ಮಗನಿಗೆ ಕಾನ್ಸಂಟ್ರೇಶನ್ ಕಮ್ಮಿ" ಅಂತ ಕೇಳಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನೂ ಕೇಳಿಸಿಕೊಂಡಿದ್ದೇನೆ. ಅವತ್ತು ಸಂಜೆ ಮನೆಗೆ ಬಂದರೆ ನಮ್ಮ ಹುಡುಗ, ಒಂದನೇ ಕ್ಲಾಸಿನವನು, ಹಿತ್ತಲಲ್ಲಿ ಇರುವೆ ಸಾಲಿನ ಪಕ್ಕ ನಾಲ್ಕು ಕಾಳು ಸಕ್ಕರೆ ಹಾಕಿ, ಯಾವ ಇರುವೆ ಮೊದಲು ಬರುತ್ತೆ, ಎಷ್ಟು ಹೊತ್ತಿಗೆ ಉಳಿದವರನ್ನು ಕರೆದುಕೊಂಡು ಬರುತ್ತೆ ಅಂತ ಮುಕ್ಕಾಲು ಗಂಟೆ ಅಲ್ಲಾಡದೆ ಕೂತಿದ್ದ. ಗಮನ ಇಲ್ಲದವನು ಇವನೇನಾ ಅಂತ ನನಗೇ ಅನುಮಾನ ಬಂತು.

ಆಮೇಲೆ ಒಂದಷ್ಟು ಓದಿದೆ, ಒಂದಷ್ಟು ಮನೆಯಲ್ಲೇ ಮಾಡಿ ನೋಡಿದೆ. ಕೆಲವು ಕೈಕೊಟ್ಟವು, ಕೆಲವು ಕೈಹಿಡಿದವು. ಅವನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಹೆಸರು. ಗಮನ, ತಾಳ್ಮೆ, ಯೋಜನೆ ಅಂತ ನಾವು ಬಿಡಿಬಿಡಿಯಾಗಿ ಹೇಳುವುದನ್ನೆಲ್ಲ ಸೇರಿಸಿ ಮನಶ್ಶಾಸ್ತ್ರದವರು ಎಕ್ಸಿಕ್ಯುಟಿವ್ ಫಂಕ್ಷನ್ ಅನ್ನುತ್ತಾರೆ. ನಾನು ಅದನ್ನು ತಲೆಯೊಳಗಿನ ಮೇಸ್ತ್ರಿ ಅಂತ ಅಂದುಕೊಂಡಿದ್ದೇನೆ. ಮೇಸ್ತ್ರಿ ಸ್ವತಃ ಇಟ್ಟಿಗೆ ಹೊರುವುದಿಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾರು ಈಗ ಸುಮ್ಮನಿರಬೇಕು ಅಂತ ನೋಡಿಕೊಳ್ಳುತ್ತಾನೆ. ಅವನಿಗೆ ಮುಖ್ಯವಾಗಿ ಮೂರು ಕೆಲಸ. ಹೇಳಿದ್ದನ್ನು ತಲೆಯಲ್ಲಿ ಹಿಡಿದುಕೊಂಡೇ ಕೆಲಸ ಮಾಡುವುದು. ಬಾಯಿಗೆ ಬಂದದ್ದನ್ನು, ಕೈಗೆ ಬಂದದ್ದನ್ನು ತಡೆದುಕೊಳ್ಳುವುದು. ನಿಯಮ ಬದಲಾದಾಗ ಹಳೆಯದನ್ನು ಬಿಟ್ಟು ಹೊಸದಕ್ಕೆ ಹೊರಳುವುದು. ಹಣೆಯ ಹಿಂದಿರುವ ಮೆದುಳಿನ ಮುಂಭಾಗಕ್ಕೆ ಇದರಲ್ಲಿ ದೊಡ್ಡ ಪಾಲಿದೆ, ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹಾಗಾಗಿ ಆರು ವರ್ಷದವನು ದೊಡ್ಡವರ ಹಾಗೆ ಇರಲಿ ಅನ್ನುವುದೇ ತಪ್ಪು.

ಆದರೆ ನನಗೆ ಹೊಸದಾಗಿ ಕಂಡದ್ದು ಬೇರೆ. ಈ ಮೇಸ್ತ್ರಿ ಮೆದುಳಿನ ಜೊತೆ ತಾನಾಗಿಯೇ ಬೆಳೆದು ನಿಲ್ಲುವವನಲ್ಲ. ಯಾವ ಸೈಟಿನಲ್ಲಿ ಪಳಗಿದ್ದಾನೋ ಆ ಸೈಟಿನ ಕೆಲಸ ಅವನಿಗೆ ಬರುತ್ತದೆ. ಹೆಂಚಿನ ಮನೆ ಕಟ್ಟಿ ಕೈ ಪಳಗಿದವನನ್ನು ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟಿಗೆ ಕರೆತಂದು "ಇವನಿಗೆ ಕೆಲಸ ಬರಲ್ಲ" ಅಂದರೆ ಹೇಗೆ?

ನೋಟ್‌ಬುಕ್ಕಿನಿಂದ ಶುರು ಮಾಡಿ

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ವಾರ ಮಗುವಿಗೆ ಏನೂ ಹೇಳಬೇಡಿ, ತಿದ್ದಬೇಡಿ. ಎರಡೇ ವಿಷಯ ಬರೆಯಿರಿ: ಮಗು ತಾನಾಗಿ ಎಲ್ಲಿ ಕಾಯಿತು, ತಡೆದುಕೊಂಡಿತು, ನೆನಪಿಟ್ಟುಕೊಂಡಿತು, ಎಲ್ಲಿ ಆಗಲಿಲ್ಲ. ಪಕ್ಕದಲ್ಲಿ ಏನು ಕೆಲಸ, ಯಾರ ಜೊತೆ, ಎಷ್ಟು ಹೊತ್ತು ಅಂತ ಗುರುತು ಹಾಕಿ. ಹೊಟ್ಟೆ ಹಸಿದಿತ್ತಾ, ನಿದ್ದೆ ಆಗಿತ್ತಾ ಅನ್ನುವುದೂ ಇರಲಿ, ಯಾಕೆಂದರೆ ನಿದ್ದೆಗೆಟ್ಟ ಮಗುವಿನ ಮೇಸ್ತ್ರಿ ಅವತ್ತು ರಜೆ ಹಾಕಿರುತ್ತಾನೆ.

ನಮ್ಮ ನೋಟ್‌ಬುಕ್ಕಿನಲ್ಲಿ ಮೂರನೇ ದಿನಕ್ಕೇ ಒಂದು ವಿಚಿತ್ರ ಕಂಡಿತು. ಗಣಪತಿ ಹಬ್ಬದ ದಿನ ನೈವೇದ್ಯ ಆಗುವ ತನಕ ಕಡುಬಿನ ತಟ್ಟೆಯ ಪಕ್ಕದಲ್ಲೇ ಓಡಾಡಿಕೊಂಡಿದ್ದ, ಒಂದನ್ನೂ ಮುಟ್ಟಲಿಲ್ಲ. ಅದೇ ಹುಡುಗ ಕೊರಿಯರ್‌ನಲ್ಲಿ ಬಂದ ಡಬ್ಬಿಯನ್ನು "ಅಪ್ಪ ಬರೋ ತನಕ ತೆರೀಬೇಡ" ಅಂದರೆ ಎರಡು ನಿಮಿಷ ತಡೆಯಲಿಲ್ಲ. ಇವನಿಗೆ ತಾಳ್ಮೆ ಇದೆಯಾ, ಇಲ್ಲವಾ?

ಸರಿಯಾಗಿ ಇದೇ ಪ್ರಶ್ನೆ ಹಿಡಿದುಕೊಂಡು ಜಪಾನಿನ ಕ್ಯೋಟೋದಲ್ಲೂ ಅಮೆರಿಕದ ಬೌಲ್ಡರ್‌ನಲ್ಲೂ ನಾಲ್ಕೈದು ವರ್ಷದ ಮಕ್ಕಳನ್ನು ಕೂರಿಸಿ ನೋಡಿದವರಿದ್ದಾರೆ. ಕೈಚಿ ಯನಾಓಕಾ, ಯೂಕೋ ಮುನಾಕಾಟಾ ಮತ್ತು ಜೊತೆಗಾರರು 2022ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ತಿಂಡಿ ಇಟ್ಟು ಕಾಯಿಸಿದಾಗ ಜಪಾನಿನ ಮಕ್ಕಳು ಅಮೆರಿಕದ ಮಕ್ಕಳಿಗಿಂತ ಬಹಳ ಹೊತ್ತು ಕಾದರು. ಕಾಗದ ಸುತ್ತಿದ ಗಿಫ್ಟ್ ಇಟ್ಟಾಗ ಪೂರ್ತಿ ಉಲ್ಟಾ, ಅಮೆರಿಕದವರು ಕಾದರು, ಜಪಾನಿನವರು ಕಾಗದ ಹರಿದರು. ಜಪಾನಿನ ಮನೆ, ಶಾಲೆಗಳಲ್ಲಿ ಎಲ್ಲರಿಗೂ ಬಡಿಸಿ, ಎಲ್ಲರೂ ಒಟ್ಟಿಗೆ ಹೇಳಬೇಕಾದ ಮಾತು ಹೇಳಿದ ಮೇಲೇ ಕೈ ಹಾಕುವ ರೂಢಿ. ಅಮೆರಿಕದಲ್ಲಿ ತಿಂಡಿ ಕಂಡಾಗ ತಿನ್ನಬಹುದು, ಆದರೆ ಕ್ರಿಸ್‌ಮಸ್ ಮರದ ಕೆಳಗಿನ ಪೊಟ್ಟಣ ದಿನಗಟ್ಟಲೆ ಹಾಗೇ ಇರುತ್ತದೆ. ನಮ್ಮಲ್ಲಿ ಪಂಕ್ತಿ ಊಟಕ್ಕೆ ಕೂತು ಬೆಳೆದ ಮಕ್ಕಳಿಗೆ ಎಲೆ ತುಂಬಿದ್ದರೂ ತುಪ್ಪ ಬರುವ ತನಕ ಕೈ ಕಟ್ಟಿ ಕೂರುವುದು ಗೊತ್ತಲ್ವಾ, ಹಾಗೆ.

ನೋಟ್‌ಬುಕ್ಕಿನಲ್ಲಿ ಹುಡುಕಬೇಕಾದ್ದು ಇದನ್ನೇ. ತಾಳ್ಮೆ ಎಷ್ಟು ಲೀಟರ್ ಇದೆ ಅಂತ ಅಳೆಯಬೇಡಿ. ಯಾವ ಜಾಗದಲ್ಲಿ ರೂಢಿ ಬಿದ್ದಿದೆ, ಯಾವ ಜಾಗದಲ್ಲಿ ಬಿದ್ದಿಲ್ಲ ಅಂತ ನೋಡಿ.

ಕಾಯುವುದನ್ನು ಕಲಿಸುವುದು, ಅಂದರೆ ನಾವು ಮಾತು ಉಳಿಸಿಕೊಳ್ಳುವುದು

ತಾಳ್ಮೆ ಅಂದ ಕೂಡಲೇ ಯಾರಾದರೊಬ್ಬರು ಮಾರ್ಷ್‌ಮ್ಯಾಲೋ (ಮೆತ್ತನೆಯ ಒಂದು ಸಿಹಿತಿಂಡಿ) ಪರೀಕ್ಷೆಯ ಕಥೆ ತೆಗೆಯುತ್ತಾರೆ. ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ 1960ರ ದಶಕದ ಕೊನೆಗೆ ಶುರು ಮಾಡಿದ್ದು. ಈಗಲೇ ತಿಂದರೆ ಒಂದು, ಕಾದರೆ ಎರಡು. ಕಾದ ಮಕ್ಕಳು ಮುಂದೆ ಓದಿನಲ್ಲಿ ಚೆನ್ನಾಗಿ ಮಾಡಿದರು ಅಂತ ಸುದ್ದಿಯಾಯಿತು, ಅಪ್ಪ ಅಮ್ಮಂದಿರೆಲ್ಲ ಮನೆಯಲ್ಲಿ ಚಾಕಲೇಟ್ ಇಟ್ಟು ಮಕ್ಕಳನ್ನು ಪರೀಕ್ಷೆ ಮಾಡತೊಡಗಿದರು. 2018ರಲ್ಲಿ ಟೈಲರ್ ವಾಟ್ಸ್ ಮತ್ತು ಜೊತೆಗಾರರು ಇನ್ನೂ ಹೆಚ್ಚು ಮಕ್ಕಳ, ಬೇರೆ ಬೇರೆ ಹಿನ್ನೆಲೆಯ ಮಕ್ಕಳ ಲೆಕ್ಕ ತೆಗೆದಾಗ ಆ ನಂಟು ಸಣ್ಣದಾಗಿ ಕಂಡಿತು, ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ಹಿಡಿದ ಮೇಲಂತೂ ಬಹುಪಾಲು ಕರಗಿಹೋಯಿತು.

ಅದೇ 2018ರಲ್ಲಿ ಬಂದ ಇನ್ನೊಂದು ಅಧ್ಯಯನ ನನಗೆ ಬಹಳ ಇಷ್ಟ. ಬೆಟ್ಟಿನಾ ಲಾಮ್ ಮತ್ತು ತಂಡದವರು ಕ್ಯಾಮರೂನ್ ದೇಶದ ನ್ಸೋ ರೈತ ಕುಟುಂಬಗಳ ನಾಲ್ಕು ವರ್ಷದ ಮಕ್ಕಳನ್ನೂ ಜರ್ಮನಿಯ ಮಧ್ಯಮ ವರ್ಗದ ಮಕ್ಕಳನ್ನೂ ಹೀಗೇ ಕಾಯಿಸಿದರು. ನ್ಸೋ ಮಕ್ಕಳಿಗೆ ಅವರೂರಿನ ಪಫ್‌ಪಫ್ ಅನ್ನುವ ಎಣ್ಣೆಯಲ್ಲಿ ಕರಿದ ತಿಂಡಿ. ಕೊನೆಯ ತನಕ ಕಾದವರು ಜರ್ಮನಿಯಲ್ಲಿ ನೂರಕ್ಕೆ 28ರಷ್ಟು, ನ್ಸೋ ಮಕ್ಕಳಲ್ಲಿ ಸುಮಾರು 70. ಜರ್ಮನ್ ಮಕ್ಕಳು ಹಾಡಿಕೊಂಡರು, ತಿರುಗಿ ಕೂತರು, ಕುರ್ಚಿಯಲ್ಲಿ ಒದ್ದಾಡಿದರು. ನ್ಸೋ ಮಕ್ಕಳು ಸುಮ್ಮನೆ ಕೂತರು, ಕೆಲವರಂತೂ ತಿಂಡಿಯ ಮುಂದೆಯೇ ನಿದ್ದೆ ಹೋದರು. ನಿದ್ದೆ! ಆ ಮನೆಗಳಲ್ಲಿ ಮಗು ಚಿಕ್ಕಂದಿನಿಂದಲೇ ದೊಡ್ಡವರ ಮಾತಿಗೆ, ಎಲ್ಲರ ಕೆಲಸಕ್ಕೆ ಹೊಂದಿಕೊಂಡು, ಅಳು ಸಿಟ್ಟು ತಡೆದುಕೊಂಡು ಇರಬೇಕು. ಜರ್ಮನ್ ಅಮ್ಮಂದಿರು ಮಗು ತನಗೆ ಬೇಕಾದ್ದು ಹೇಳಲಿ, ತಾನೇ ಆರಿಸಿಕೊಳ್ಳಲಿ ಅನ್ನುವವರು. ಯಾವುದು ಸರಿ ಅಂತ ನಾನು ತೀರ್ಪು ಕೊಡುವುದಿಲ್ಲ, ನಮ್ಮ ಮನೆಯಲ್ಲಿ ಅಜ್ಜಿ ಮೊದಲನೇ ಪಕ್ಷ, ನಾನು ಎರಡನೇ ಪಕ್ಷ, ಆ ಜಗಳ ಇನ್ನೂ ಮುಗಿದಿಲ್ಲ.

ಹಾಗಾದರೆ ಏನು ಮಾಡಬೇಕು? ಕಾಯುವುದನ್ನು ಪರೀಕ್ಷೆ ಮಾಡಬೇಡಿ, ರೂಢಿ ಮಾಡಿ. ದಿನಕ್ಕೆ ಒಂದು ಜಾಗ ಸಾಕು. ರಾತ್ರಿ ಊಟಕ್ಕೆ ಎಲ್ಲರೂ ಕೂತು, ಕೊನೆಯವರ ತಟ್ಟೆಗೆ ಅನ್ನ ಬಿದ್ದ ಮೇಲೇ ಶುರು. ದೊಡ್ಡವರಿಗೂ ಅದೇ ನಿಯಮ, ಇದು ಮುಖ್ಯ. ಅಪ್ಪ ನಿಂತುಕೊಂಡೇ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡರೆ ಆಟ ಮುಗಿಯಿತು. (ನಮ್ಮಲ್ಲಿ ಎರಡು ಸಲ ಮುಗಿದಿದೆ.)

ಇನ್ನೂ ಮುಖ್ಯವಾದದ್ದು ಮಾತು. ಸೆಲೆಸ್ಟ್ ಕಿಡ್ ಮತ್ತು ಜೊತೆಗಾರರು ಅಮೆರಿಕದ ರಾಚೆಸ್ಟರ್‌ನಲ್ಲಿ 28 ಮಕ್ಕಳಿಗೆ ಮೊದಲು ಹಳೇ ಕ್ರೇಯಾನ್ ಕೊಟ್ಟು "ತಾಳು, ಇದಕ್ಕಿಂತ ಚೆನ್ನಾಗಿರೋದು ತರ್ತೀನಿ" ಅಂದರು. ಅರ್ಧದಷ್ಟು ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು. ಇನ್ನರ್ಧಕ್ಕೆ ಬರಿಗೈಲಿ ಬಂದು "ಸಾರಿ, ಇಲ್ವಂತೆ" ಅಂದರು. ಆಮೇಲೆ ಮಾರ್ಷ್‌ಮ್ಯಾಲೋ ಇಟ್ಟರು. ಮಾತು ಉಳಿಸಿಕೊಂಡವರ ಹತ್ತಿರ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರ ಹತ್ತಿರ ಮೂರು ನಿಮಿಷ. ಎರಡನೇ ಗುಂಪಿನ ಮಕ್ಕಳಿಗೆ ತಾಳ್ಮೆ ಇಲ್ಲ ಅಂತೀರಾ? ಲೆಕ್ಕ ಬರುತ್ತೆ ಅಂತ ನಾನು ಅನ್ನುತ್ತೇನೆ. ಕೊಡದವನನ್ನು ನಂಬಿ ಕೈಯಲ್ಲಿರೋದನ್ನು ಬಿಟ್ಟು ಯಾರು ಕೂರುತ್ತಾರೆ.

ಹಾಗಾಗಿ "ಭಾನುವಾರ ಕರ್ಕೊಂಡು ಹೋಗ್ತೀನಿ" ಅನ್ನುವ ಮೊದಲು ಯೋಚನೆ ಮಾಡಿ. ಆಗದಿದ್ದರೆ ಆಗಲ್ಲ ಅಂತ ಮೊದಲೇ ಹೇಳಿ. "ಐದು ನಿಮಿಷ ಇರು" ಅಂದರೆ ಐದೇ ನಿಮಿಷ, ಗಡಿಯಾರದ ಮುಳ್ಳು ತೋರಿಸಿ ಹೇಳಿ. ಒಂದು ತಿಂಗಳು ಇಷ್ಟೇ ಮಾಡಿ, ಬೇರೇನೂ ಬೇಡ.

ಶಾಲೆ ಕೇಳುವುದು ಒಂದು ಕಸುಬು, ಅದನ್ನು ಕಸುಬಿನ ಹಾಗೇ ಕಲಿಸಿ

ನಮಗೆ ಶಾಲೆ ಎಷ್ಟು ಸಹಜ ಆಗಿಬಿಟ್ಟಿದೆ ಅಂದರೆ ಶಾಲೆ ಕೇಳುವ ಗಮನವೇ ಗಮನ ಅಂದುಕೊಂಡಿದ್ದೇವೆ. ಒಂದೇ ಕಡೆ ಕೂತು, ತನಗೆ ಸಂಬಂಧವೇ ಇಲ್ಲದ ಚಿತ್ರಗಳನ್ನು ಮೊದಲು ಬಣ್ಣದ ಪ್ರಕಾರ, ಆಮೇಲೆ ಆಕಾರದ ಪ್ರಕಾರ ಜೋಡಿಸುವುದು, ಯಾರೋ ಹೇಳಿದ ಅಂಕಿಗಳನ್ನು ಹಿಂದುಮುಂದಾಗಿ ಹೇಳುವುದು: ಎಕ್ಸಿಕ್ಯುಟಿವ್ ಫಂಕ್ಷನ್ ಅಳೆಯುವ ಪರೀಕ್ಷೆಗಳೂ ಹೆಚ್ಚಾಗಿ ಇಂಥವೇ. ನಮೀಬಿಯಾ ಮತ್ತು ಅಂಗೋಲಾ ಗಡಿಯ ಕುನೇನೆ ಭಾಗದಲ್ಲಿ ಶಾಲೆ ಅಷ್ಟಾಗಿ ಕಾಣದ ಮಕ್ಕಳ ಹತ್ತಿರ ಇವೇ ಪರೀಕ್ಷೆಗಳನ್ನು ತೆಗೆದುಕೊಂಡು ಹೋದ ಐವಾನ್ ಕ್ರೂಪಿನ್, ಜೋಸೆಫ್ ಹೆನ್ರಿಕ್ ಮುಂತಾದವರು 2025ರಲ್ಲಿ ಬರೆದದ್ದನ್ನು ಓದಿದರೆ, ಬ್ರಿಟನ್ನಿನ ಶಾಲಾ ಮಕ್ಕಳಿಗೂ ಇವರಿಗೂ ಫಲಿತಾಂಶದಲ್ಲಿ ದೊಡ್ಡ ಅಂತರ. ಎಲ್ಲ ಮನುಷ್ಯರಲ್ಲೂ ಇರುವ ಶಕ್ತಿಯನ್ನು ಅಳೆಯುತ್ತೇವೆ ಅಂದುಕೊಂಡು, ಶಾಲೆಯಲ್ಲಿ ಕಲಿತ ಕಸುಬನ್ನೂ ಸೇರಿಸಿ ಅಳೆಯುತ್ತಿದ್ದೇವೆ ಅನ್ನುವುದು ಅವರ ವಾದ. ದನ ಮೇಯಿಸುವ ಹುಡುಗ ತನ್ನ ಹಿಂಡಿನಲ್ಲಿ ಯಾವುದು ಕಾಣೆಯಾಗಿದೆ ಅಂತ ನೋಡಿದ ಕೂಡಲೇ ಹೇಳುತ್ತಾನಲ್ಲ, ಅದನ್ನು ಯಾವ ಕಾರ್ಡಿನಲ್ಲಿ ಅಳೆಯುತ್ತೀರಿ?

ಇದು ಹೊಸ ಕಥೆಯೂ ಅಲ್ಲ. 1931 ಮತ್ತು 32ರಲ್ಲಿ ಸೋವಿಯತ್ ಮನಶ್ಶಾಸ್ತ್ರಜ್ಞ ಅಲೆಕ್ಸಾಂಡರ್ ಲೂರಿಯಾ ಉಜ್ಬೆಕಿಸ್ತಾನದ ಹಳ್ಳಿಗಳಿಗೆ ಹೋಗಿ ರೈತರ ಮುಂದೆ ಸುತ್ತಿಗೆ, ಗರಗಸ, ಕೊಡಲಿ, ಮರದ ದಿಮ್ಮಿಯ ಚಿತ್ರ ಇಟ್ಟು "ಯಾವುದು ಸೇರಲ್ಲ?" ಅಂತ ಕೇಳಿದ. ದಿಮ್ಮಿ ಅನ್ನಬೇಕಿತ್ತು. ಅವರು ಎಲ್ಲವೂ ಬೇಕು ಅಂದರು, ದಿಮ್ಮಿ ಇಲ್ಲದಿದ್ದರೆ ಗರಗಸ ಇಟ್ಟುಕೊಂಡು ಏನು ಮಾಡೋದು? ಆಮೇಲೆ ಲೈಬೀರಿಯಾದ ಕ್ಪೆಲೆ ಜನರ ಹತ್ತಿರ ಜೋಸೆಫ್ ಗ್ಲಿಕ್‌ಗೆ ಆದದ್ದು ಇನ್ನೂ ಮಜಾ. ಅಲ್ಲಿನವರು ಸಾಮಾನುಗಳನ್ನು ಬಳಕೆಯ ಪ್ರಕಾರ ಜೋಡಿಸುತ್ತಿದ್ದರು, ಜಾಣರು ಹೀಗೇ ಮಾಡೋದು ಅನ್ನುತ್ತಿದ್ದರು. ಗ್ಲಿಕ್ ಬೇಸತ್ತು "ಹಾಗಾದರೆ ದಡ್ಡ ಹೇಗೆ ಜೋಡಿಸುತ್ತಾನೆ?" ಅಂದಾಗ, ತಿನ್ನೋದು ಒಂದು ಕಡೆ, ಪಾತ್ರೆ ಒಂದು ಕಡೆ, ಹತ್ಯಾರು ಒಂದು ಕಡೆ ಅಂತ ಪುಸ್ತಕದಲ್ಲಿರುವ ಹಾಗೇ ಜೋಡಿಸಿಟ್ಟರು. ಬರುತ್ತಿತ್ತು. ಬೇಕಿರಲಿಲ್ಲ.

ಅಂದರೆ ಶಾಲೆ ಬೇಡ ಅಂತಲ್ಲ. ಜರ್ಮನಿಯಲ್ಲಿ, ಶಾಲೆಗೆ ಸೇರಿಸಲು ಇಟ್ಟ ಹುಟ್ಟಿದ ದಿನಾಂಕದ ಗಡಿಯ ಆಚೆ ಈಚೆ ಬಿದ್ದ, ವಯಸ್ಸು ಹೆಚ್ಚುಕಮ್ಮಿ ಒಂದೇ ಆಗಿರುವ ಮಕ್ಕಳನ್ನು ಹೋಲಿಸಿ ನೋಡಿದ್ದಾರೆ: ಒಂದನೇ ಕ್ಲಾಸಿಗೆ ಹೋದವರು ಒಂದು ವರ್ಷದಲ್ಲಿ, ಇನ್ನೂ ಕಿಂಡರ್‌ಗಾರ್ಟನ್‌ನಲ್ಲೇ ಉಳಿದವರಿಗಿಂತ ಗಮನ ಬೇಡುವ ಪರೀಕ್ಷೆಯಲ್ಲಿ ಹೆಚ್ಚು ಮುಂದೆ ಹೋದರು, ಮೆದುಳಿನ ಚಿತ್ರದಲ್ಲೂ ಆ ವ್ಯತ್ಯಾಸ ಕಂಡಿತು. ಶಾಲೆಯೇ ಆ ಗಮನವನ್ನು ಕಟ್ಟುತ್ತದೆ. ಹಾಗಾಗಿ ಅದಿಲ್ಲ ಅಂತ ಬೈಯುವ ಬದಲು, ಈಜು ಕಲಿಸುವ ಹಾಗೆ ಕಲಿಸಿ.

ನಾನು ಮಾಡಿದ್ದು ಹೀಗೆ. "ಗಮನ ಕೊಡು" ಅನ್ನುವ ಮಾತನ್ನೇ ನಿಲ್ಲಿಸಿದೆ, ಯಾಕೆಂದರೆ ಅದರಲ್ಲಿ ಮಾಡುವಂಥದ್ದು ಏನೂ ಇಲ್ಲ. ಬದಲಿಗೆ: ಮೊದಲು ಪ್ರಶ್ನೆಯ ಕೊನೆಯ ಸಾಲು ಓದು. ಏನು ಕೇಳಿದ್ದಾರೋ ಅದರ ಕೆಳಗೆ ಗೆರೆ ಎಳಿ. ಉತ್ತರ ಹೊಳೆದರೂ ಮೂರು ಎಣಿಸಿ ಬರಿ. ಬ್ಯಾಗಿನಲ್ಲಿ ಇಡಬೇಕಾದ್ದರ ಚಿತ್ರಪಟ್ಟಿ ಬಾಗಿಲ ಮೇಲೆ ಅಂಟಿಸಿದೆ, ಅವನೇ ಬಿಡಿಸಿದ ಚಿತ್ರಗಳು, ವಾಟರ್ ಬಾಟಲ್ ಮಾತ್ರ ರಾಕೆಟ್ ಥರ ಇದೆ. ಪಟ್ಟಿ ಬಾಗಿಲ ಮೇಲಿದ್ದರೆ ತಲೆಯಲ್ಲಿ ಹೊರಬೇಕಾಗಿಲ್ಲ. ಇದು ಮೋಸ ಅಂತ ಮನೆಯಲ್ಲಿ ಒಬ್ಬರು ಅಂದರು. ಪೈಲಟ್‌ಗಳೂ ವಿಮಾನ ಏರಿಸುವ ಮೊದಲು ಪಟ್ಟಿ ನೋಡುತ್ತಾರೆ ಅಂದೆ, ಸುಮ್ಮನಾದರು.

ಗೊಣಗಲು ಬಿಡಿ, ಪಾತ್ರ ಕೊಡಿ

ಮಗು ಆಡುವಾಗ "ಈಗ ಕೆಂಪು ಇಡ್ಬೇಕು... ಇಲ್ಲ ಇಲ್ಲ, ಇದು ಆಮೇಲೆ" ಅಂತ ತನ್ನಷ್ಟಕ್ಕೆ ಗೊಣಗುತ್ತಿದ್ದರೆ ಸುಮ್ಮನಿರಿಸಬೇಡಿ. ಸೋವಿಯತ್ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್‌ಸ್ಕಿ ನೂರು ವರ್ಷದ ಹತ್ತಿರ ಹಿಂದೆ ಹೇಳಿದ್ದು ಇದನ್ನೇ: ಮೊದಲು ದೊಡ್ಡವರು ಮಗುವಿಗೆ ಹೇಳುತ್ತಾರೆ, ಆಮೇಲೆ ಮಗು ತನಗೆ ತಾನೇ ಜೋರಾಗಿ ಹೇಳಿಕೊಳ್ಳುತ್ತದೆ, ಕೊನೆಗೆ ಆ ಮಾತು ಒಳಗೆ ಇಳಿದು ಯೋಚನೆಯಾಗುತ್ತದೆ. ಮೇಸ್ತ್ರಿ ಮೊದಲು ಹೊರಗಿನಿಂದ ಕೂಗುತ್ತಿದ್ದವನು ಒಳಗೆ ಬಂದು ಕೂರುವ ಹೊತ್ತು ಅದು. ನಮ್ಮ ಮಾತನ್ನೇ ಮಗು ಎರವಲು ತೆಗೆದುಕೊಳ್ಳುತ್ತದೆ, ಹಾಗಾಗಿ ನಾವು ಯಾವ ದನಿಯಲ್ಲಿ ಹೇಳುತ್ತೇವೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಮ್ಮವನು ಒಂದು ದಿನ ಬ್ಲಾಕ್ಸ್ ಬಿದ್ದಾಗ ತನಗೆ ತಾನೇ "ಎಷ್ಟು ಸಲ ಹೇಳ್ಬೇಕೋ ನಿಂಗೆ!" ಅಂದ. ಥೇಟ್ ನನ್ನ ದನಿ. ಅವತ್ತು ನನಗೆ ಊಟ ಸೇರಲಿಲ್ಲ.

ಸೋವಿಯತ್ ಒಕ್ಕೂಟದಲ್ಲಿ 1940ರ ದಶಕದಲ್ಲಿ ಮನುಯ್ಲೆಂಕೋ ಅನ್ನುವವರು ಚಿಕ್ಕ ಮಕ್ಕಳಿಗೆ ಅಲ್ಲಾಡದೆ ನಿಲ್ಲಲು ಹೇಳಿದರು. ಸುಮ್ನೆ ನಿಲ್ಲು ಅಂದರೆ ಬೇಗ ಅಲ್ಲಾಡಿಬಿಡುತ್ತಿದ್ದರು. ನೀನು ಕಾವಲುಗಾರ, ಇದು ನಿನ್ನ ಕಾವಲು ಅಂದಾಗ ಬಹಳ ಹೊತ್ತು ನಿಂತರು. ಪಾತ್ರಕ್ಕೆ ಒಂದು ನಿಯಮ ಅಂಟಿಕೊಂಡಿರುತ್ತದೆ. ಮದುವೆ ಮನೆಯಲ್ಲಿ ಮಗು ಗಲಾಟೆ ಮಾಡುತ್ತಿದ್ದರೆ ಪನ್ನೀರು ಚಿಮುಕಿಸುವ ಕೆಲಸ ಕೊಟ್ಟು ನೋಡಿ.

ಆಟಗಳ ವಿಷಯಕ್ಕೆ ಜಾಸ್ತಿ ಹೇಳಬೇಕಾಗಿಲ್ಲ, ನಮ್ಮಲ್ಲಿ ಬೇಕಾದಷ್ಟಿವೆ. ಕೆರೆ-ದಡ ಆಡಿಸಿ, "ಕೆರೆ" ಅಂದರೆ ಗೆರೆಯೊಳಗೆ ಹಾರುವುದು, "ದಡ" ಅಂದರೆ ಹೊರಗೆ. ಚೆನ್ನಾಗಿ ಬಂದ ಮೇಲೆ ನಿಯಮ ತಿರುಗಿಸಿ: ಕೆರೆ ಅಂದರೆ ಹೊರಗೆ. ಹಳೇ ನಿಯಮ ಕಾಲಿಗೆ ಹತ್ತಿರುತ್ತದೆ, ಅದನ್ನು ಬಿಡಿಸಿಕೊಳ್ಳುವುದೇ ಕಷ್ಟ, ಅದೇ ಆಟ. ಕಾಗೆ ಹಾರಿತು, ಗಿಳಿ ಹಾರಿತು, ಕತ್ತೆ ಹಾರಿತು ಕೂಡ ಹಾಗೇ, ಕತ್ತೆಗೆ ಕೈ ಎತ್ತಿದವನು ಔಟ್. ಅಳಗುಳಿಮಣೆಯಲ್ಲಿ ಹರಳು ಎತ್ತುವ ಮೊದಲೇ ಎಲ್ಲಿಗೆ ಬಂದು ಮುಗಿಯುತ್ತೆ ಅಂತ ತಲೆಯಲ್ಲೇ ಎಣಿಸಬೇಕು. ಇದನ್ನೆಲ್ಲ "ಬ್ರೈನ್ ಡೆವಲಪ್‌ಮೆಂಟ್" ಅಂತ ಹೇಳಿ ಆಡಿಸಿದರೆ ಮಗು ಎದ್ದು ಹೋಗುತ್ತದೆ, ಸೋತಾಗ ನೀವೂ ನಿಜವಾಗಿ ಸೋಲಿ.

ನಮ್ಮದೇ ಒಂದು ಕಸರತ್ತು

ತಲೆಯೊಳಗಿನ ಮೇಸ್ತ್ರಿಯನ್ನು ಒಂದು ಸಂಸ್ಕೃತಿ ಎಲ್ಲಿಯವರೆಗೆ ಒಯ್ಯಬಲ್ಲದು ಅಂತ ನೋಡಬೇಕಾದರೆ ಒಂದು ಅಷ್ಟಾವಧಾನಕ್ಕೆ ಹೋಗಿ ಕೂರಿ. ಕನ್ನಡದಲ್ಲಿ ಈ ಕಲೆಗೆ ಮತ್ತೆ ಜೀವ ತಂದ ಶತಾವಧಾನಿ ಆರ್. ಗಣೇಶ್ ಸಾವಿರಕ್ಕೂ ಹೆಚ್ಚು ಅವಧಾನ ಮಾಡಿದ್ದಾರೆ. ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಸುತ್ತ ಕೂರುತ್ತಾರೆ. ಅವಧಾನಿಯ ಕೈಯಲ್ಲಿ ಪೆನ್ನಿಲ್ಲ, ಹಾಳೆಯಿಲ್ಲ. ನಿಷೇಧಾಕ್ಷರಿಯವರು ಪದ್ಯದ ಒಂದೊಂದು ಅಕ್ಷರಕ್ಕೂ ಅಡ್ಡ ಬರುತ್ತಾರೆ, ಮುಂದೆ ಬರಬಹುದಾದ ಅಕ್ಷರವನ್ನು ಊಹಿಸಿ ಅದನ್ನೇ ಬೇಡ ಅನ್ನುತ್ತಾರೆ. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ ಬೇರೆ ಅಕ್ಷರ, ಅರ್ಥವೂ ಕೆಡಬಾರದು, ಛಂದಸ್ಸೂ ಕೆಡಬಾರದು. ಸಂಖ್ಯಾಬಂಧದವರು ನಡುನಡುವೆ, ಎತ್ತ ಕೂಡಿದರೂ ಒಂದೇ ಮೊತ್ತ ಬರಬೇಕಾದ ಅಂಕಿಗಳ ಚೌಕದ ಯಾವುದೋ ಒಂದು ಮನೆ ತೋರಿಸಿ ಅಲ್ಲಿಗೆ ಬರಬೇಕಾದ ಅಂಕಿ ಕೇಳುತ್ತಾರೆ. ಎಲ್ಲರ ಪದ್ಯಗಳೂ ಸುತ್ತಿಗೊಂದು ಪಾದದ ಹಾಗೆ ಬೆಳೆಯುತ್ತವೆ, ಕೊನೆಗೆ ಎಲ್ಲವನ್ನೂ ನೆನಪಿನಿಂದ ಪೂರ್ತಿ ಹೇಳಬೇಕು. ಇಷ್ಟರ ಮಧ್ಯೆ ಅಪ್ರಸ್ತುತ ಪ್ರಸಂಗದವರು ಯಾವಾಗ ಬೇಕಾದರೂ ಬಾಯಿ ಹಾಕಿ ತಲೆಹರಟೆ ಪ್ರಶ್ನೆ ಕೇಳಬಹುದು, ಅದಕ್ಕೆ ನಗುವಂಥ ಉತ್ತರ ಕೊಟ್ಟು, ಬಿಟ್ಟ ಅಕ್ಷರದಿಂದ ಮತ್ತೆ ಹಿಡಿಯಬೇಕು. ಹಿಡಿದುಕೊಳ್ಳುವುದು, ತಡೆದುಕೊಳ್ಳುವುದು, ಹೊರಳುವುದು. ಪ್ರಯೋಗಾಲಯದವರು ಬೇರೆ ಬೇರೆ ಮಾಡಿ ಅಳೆಯುವ ಮೂರನ್ನೂ ನಮ್ಮವರು ಒಂದೇ ವೇದಿಕೆಯ ಮೇಲೆ ಕೂರಿಸಿ ಕಲೆ ಮಾಡಿಬಿಟ್ಟಿದ್ದಾರೆ.

ಆದರೆ ಇದನ್ನು ನೋಡಿ "ಎಂಥ ಮೆಮೊರಿ ಪವರ್" ಅಂತ ಎದ್ದು ಬಂದರೆ ಅರ್ಧ ಮಾತ್ರ ನೋಡಿದ ಹಾಗೆ. ಛಂದಸ್ಸು ಮೈಗೆ ಹತ್ತಿರುವುದರಿಂದ ಪದ್ಯದ ಮುಂದಿನ ಜಾಗ ಲಘುವೋ ಗುರುವೋ ಅಂತ ಯೋಚಿಸಬೇಕಾಗಿಲ್ಲ. ವರ್ಷಗಟ್ಟಲೆ ಓದಿದ ಕಾವ್ಯ ಹಿಂದೆ ನಿಂತಿದೆ. ಆ ಸಾಮಗ್ರಿ ಇಲ್ಲದೆ ಬರೀ ಶಕ್ತಿ ಅನ್ನುವುದು ಒಂದಿದೆ ಅಂತ ನನಗೆ ನಂಬಿಕೆ ಇಲ್ಲ.

ಮನೆಗೆ ಇದರ ಪುಟ್ಟ ರೂಪ ಮಾಡಿಕೊಳ್ಳಬಹುದು, ನಾವು ಕಾರಿನಲ್ಲಿ ಆಡುತ್ತೇವೆ. ಒಬ್ಬರು ಮಗುವಿಗೆ ಗೊತ್ತಿರುವ ಕಥೆ ಹೇಳಬೇಕು, "ಕ" ಅಕ್ಷರ ಬರಬಾರದು. ಕಾಗೆ ಕಥೆ ಹೇಳಲು ಹೊರಟವನು "ಆ ಕಪ್ಪು..." ಅಂತ ಶುರು ಮಾಡಿ ಅಲ್ಲೇ ಸಿಕ್ಕಿಬಿದ್ದು, ಕೊನೆಗೆ "ಆ ಮಸಿ ಬಣ್ಣದ, ಎಲ್ಲರ ತಿಂಡಿ ಎತ್ತಿಹಾರುವ" ಅಂತ ಒದ್ದಾಡುತ್ತಾನೆ. ಇನ್ನೊಬ್ಬರು ನಡುವೆ "ನಿನ್ನ ಚಪ್ಪಲಿ ನಂಬರ್ ಎಷ್ಟು?" ಅಂತ ಕೇಳಬಹುದು. ಉತ್ತರ ಕೊಟ್ಟು ಕಥೆಯನ್ನು ಬಿಟ್ಟಲ್ಲಿಂದಲೇ ಹಿಡಿಯಬೇಕು.

ನಿಜವಾದ ಕೆಲಸ ಕೊಡಿ

ಬ್ರೆಜಿಲ್‌ನ ರೆಸಿಫೆ ಊರಿನ ಸಂತೆಯಲ್ಲಿ ಎಳನೀರು ಮಾರುವ ಹುಡುಗನ ಹತ್ತಿರ 1980ರ ದಶಕದಲ್ಲಿ ಮೂವರು ಸಂಶೋಧಕರು ಹತ್ತು ಕಾಯಿಗೆ ಎಷ್ಟು ಅಂತ ಕೇಳಿದರು. ಒಂದಕ್ಕೆ 35. ಮೂರಕ್ಕೆ 105, ಇನ್ನು ಮೂರು ಸೇರಿದರೆ 210, ಇನ್ನು ಮೂರಕ್ಕೆ 315, ಇನ್ನೊಂದು... 350 ಅಂದ. ಆಮೇಲೆ ಅಂಥದ್ದೇ ಲೆಕ್ಕಗಳನ್ನು ಹಾಳೆಯ ಮೇಲೆ ಶಾಲೆಯ ರೂಪದಲ್ಲಿ ಕೊಟ್ಟರು. ಸಂತೆಯಲ್ಲಿ ನೂರಕ್ಕೆ 98 ಸರಿ ಮಾಡಿದ್ದ ಮಕ್ಕಳು ಹಾಳೆಯ ಮೇಲೆ ಸರಿ ಮಾಡಿದ್ದು 37. ಈಚೆಗೆ 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮುಂತಾದವರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲೂ ಇದನ್ನೇ ಕಂಡರು, ಜೊತೆಗೆ ಇನ್ನೊಂದನ್ನೂ: ಶಾಲೆಯ ಲೆಕ್ಕ ಬರುವ ಮಕ್ಕಳು ಅಂಗಡಿಯ ಲೆಕ್ಕದಲ್ಲಿ ತಡವರಿಸಿದರು. ಎರಡೂ ಕಡೆಯನ್ನು ಸೇರಿಸುವ ಸೇತುವೆ ತಾನಾಗಿ ಕಟ್ಟಿಕೊಳ್ಳುವುದಿಲ್ಲ.

ಹಾಗಾಗಿ ಸೇತುವೆ ನೀವು ಹಾಕಿ. ಅಂಗಡಿಗೆ ಕಳಿಸುವುದು ನನ್ನ ಪ್ರಕಾರ ಎಲ್ಲ ಆ್ಯಪ್‌ಗಳಿಗಿಂತ ಮೇಲು. ಆರು ವರ್ಷಕ್ಕೆ ಮೂರು ಸಾಮಾನು, ಚೀಟಿ ಇಲ್ಲದೆ, ನಿಮ್ಮ ಕಣ್ಣಳತೆಯಲ್ಲೇ ಇರುವ ಅಂಗಡಿ. ನಂತರ ಒಂದು "ಇಲ್ಲದಿದ್ದರೆ" ಸೇರಿಸಿ: ಕೊತ್ತಂಬರಿ ಚೆನ್ನಾಗಿಲ್ಲದಿದ್ದರೆ ಕರಿಬೇವು ಮಾತ್ರ ತಾ. ಆ "ಇಲ್ಲದಿದ್ದರೆ" ಇದೆಯಲ್ಲ, ಅದೇ ಹೊರಳುವ ಕೆಲಸ. ಚಿಲ್ಲರೆ ಎಣಿಸಿ ತರಲಿ, ಮನೆಗೆ ಬಂದ ಮೇಲೆ ತಾನು ಹೇಗೆ ಲೆಕ್ಕ ಹಾಕಿದೆ ಅಂತ ಹೇಳಲಿ, ಅದನ್ನೇ ಹಾಳೆಯ ಮೇಲೆ ಶಾಲೆಯ ಥರ ಇಬ್ಬರೂ ಕೂತು ಬರೆಯಿರಿ. ಯುಪಿಐ ಬಂದ ಮೇಲೆ ಇದಕ್ಕೆ ಕಲ್ಲು ಬಿದ್ದಿದೆ, ಅದಕ್ಕೇ ನಾನು ಈಗ ಬೇಕಂತಲೇ ಹತ್ತು ಇಪ್ಪತ್ತರ ನೋಟು ಇಟ್ಟುಕೊಳ್ಳುತ್ತೇನೆ.

ಅಡುಗೆಮನೆಯಲ್ಲೂ ಹಾಗೇ. ಗ್ವಾಟೆಮಾಲಾದ ಮಾಯಾ ಮಕ್ಕಳ ಬಗ್ಗೆ ಬಾರ್ಬರಾ ರೋಗೋಫ್ ಮತ್ತು ಜೊತೆಗಾರರು ಬರೆದಿದ್ದಾರೆ: ಅಣ್ಣನಿಗೋ ತಂಗಿಗೋ ಆಟಿಕೆ ಮಾಡುವುದನ್ನು ಹೇಳಿಕೊಡುವಾಗ ಪಕ್ಕದಲ್ಲಿ ಕಾಯುತ್ತ ಕೂತ ಮಗು, ತನಗೆ ಯಾರೂ ಹೇಳಿಕೊಡದಿದ್ದರೂ, ಅಮೆರಿಕದ ಮಕ್ಕಳಿಗಿಂತ ಹೆಚ್ಚು ಗಮನವಿಟ್ಟು ನೋಡುತ್ತಿತ್ತು, ಆಮೇಲೆ ಅದನ್ನು ತಾನು ಮಾಡುವಾಗ ಕಡಿಮೆ ಸಹಾಯ ಕೇಳಿತು. ದೊಡ್ಡವರ ಕೆಲಸದ ಪಕ್ಕದಲ್ಲೇ ಇದ್ದು, ನೋಡಿ, ಕೈ ಹಾಕಿ ಕಲಿಯುವ ಮನೆಗಳು ಅವು. ಚಪಾತಿ ಮಾಡುವಾಗ ಮಗುವನ್ನು ಓಡಿಸಬೇಡಿ. ಕೊನೆಯ ಎರಡು ಅವನವು, ಆಕಾರ ಶ್ರೀಲಂಕಾ ಥರ ಬಂದರೂ ತಿನ್ನಿ.

ದುಡ್ಡು ಕೊಟ್ಟು ಸೇರಿಸುವ ಕ್ಲಾಸುಗಳು

ಅಬ್ಯಾಕಸ್‌ಗೆ ಸೇರಿಸಿದರೆ ಗಮನ, ನೆನಪು, ಬುದ್ಧಿ ಎಲ್ಲ ಹೆಚ್ಚುತ್ತದೆ ಅಂತ ಹೇಳುತ್ತಾರೆ. ಗುಜರಾತಿನ ವಡೋದರದಲ್ಲಿ ಡೇವಿಡ್ ಬಾರ್ನರ್ ಮತ್ತು ತಂಡದವರು ಮೂರು ವರ್ಷ ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದರು, ಒಂದಕ್ಕೆ ಅಬ್ಯಾಕಸ್, ಇನ್ನೊಂದಕ್ಕೆ ಅಷ್ಟೇ ಹೊತ್ತು ಮಾಮೂಲಿ ಗಣಿತ. 2016ರಲ್ಲಿ ಬಂದ ಫಲಿತಾಂಶ: ಅಬ್ಯಾಕಸ್ ಮಕ್ಕಳ ಕೂಡುವ ಕಳೆಯುವ ಲೆಕ್ಕ ನಿಜವಾಗಿ ಚುರುಕಾಯಿತು. ನೆನಪು, ಗಮನದಂಥ ಸಾಮಾನ್ಯ ಶಕ್ತಿಗಳು ಬೆಳೆದದ್ದು ಕಾಣಲಿಲ್ಲ. ನಾನು ಇದನ್ನು ಓದುವ ಮೊದಲೇ ಫೀಸು ಕಟ್ಟಿದ್ದೆ. ಈಗಲೂ ಬಿಡಿಸಿಲ್ಲ, ಅವನಿಗೆ ಮಣಿ ತಳ್ಳುವುದು ಇಷ್ಟ. ಲೆಕ್ಕ ಚುರುಕಾಗಲಿ ಅಂತ ಸೇರಿಸಿ, ಹೋಂವರ್ಕ್‌ಗೆ ಕೂರಲಿ ಅಂತ ಸೇರಿಸಬೇಡಿ. ಫೋನಿನ ಬ್ರೈನ್ ಗೇಮ್‌ಗಳದೂ ಇದೇ ಹಣೆಬರಹ, ಆಡಿದ ಆಟದಲ್ಲಿ ಸ್ಕೋರ್ ಏರುತ್ತದೆ, ಬೇರೆ ಕಡೆಗೆ ಅಷ್ಟಾಗಿ ಹರಿಯುವುದಿಲ್ಲ.

ಸಂಗೀತ, ಯಕ್ಷಗಾನ, ಚೆಸ್, ಕರಾಟೆ ಯಾವುದಾದರೂ ಸರಿ. ಮಗು ನಾಲ್ಕು ವರ್ಷ ಮಾಡಿದರೂ ಬೇಸರ ಪಡದಂಥದ್ದು ಇರಲಿ, ಕಲಿಸುವವರು ಬೈಗುಳಕ್ಕಿಂತ ಕೆಲಸ ಜಾಸ್ತಿ ಮಾಡಿಸುವವರಾಗಿರಲಿ, ಅಷ್ಟು ನೋಡಿದರೆ ಸಾಕು.

ಭಾಷೆಯ ಬಗ್ಗೆ ಎರಡು ಮಾತು

ನಾವು ಮನೆಯಲ್ಲಿ ಕನ್ನಡ ಮಾತಾಡಿದರೂ ಫೋನ್ ನಂಬರನ್ನು ಇಂಗ್ಲಿಷಿನಲ್ಲೇ ಹೇಳುತ್ತೇವೆ, ಗಮನಿಸಿದ್ದೀರಾ? ಶಾಲೆಯ ರೂಢಿಯೂ ಇರಬಹುದು, ಆದರೆ ಇನ್ನೊಂದಿದೆ. ಬಾಯಲ್ಲಿ ಬೇಗ ಮುಗಿಯುವ ಪದಗಳು ನೆನಪಿನಲ್ಲಿ ಜಾಸ್ತಿ ಹಿಡಿಸುತ್ತವೆ. ವೇಲ್ಸ್‌ನಲ್ಲಿ ಎರಡೂ ಭಾಷೆ ಬಲ್ಲವರು ವೆಲ್ಷ್ ಅಂಕಿಗಳಿಗಿಂತ ಇಂಗ್ಲಿಷ್ ಅಂಕಿಗಳನ್ನು ಹೆಚ್ಚು ನೆನಪಿಟ್ಟುಕೊಂಡದ್ದು 1980ರಲ್ಲೇ ವರದಿಯಾಗಿದೆ, ವೆಲ್ಷ್ ಅಂಕಿಗಳನ್ನು ಹೇಳಲು ಹೆಚ್ಚು ಹೊತ್ತು ಬೇಕು. ನಮ್ಮ "ಒಂಬತ್ತು" ಮೂರು ಅಕ್ಷರ, "ನೈನ್" ಒಂದೇ ಉಸಿರು. ಮಗುವಿಗೆ ಅಂಕಿ ನೆನಪಿನ ಪರೀಕ್ಷೆ ಯಾರಾದರೂ ಮಾಡಿದರೆ ಯಾವ ಭಾಷೆಯಲ್ಲಿ ಮಾಡಿದರು ಅಂತ ಕೇಳಿ.

ಇದರಿಂದ ಹೆದರಿ ಕನ್ನಡ ಬಿಡಬೇಡಿ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ 648 ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಗಳ ದಾಖಲೆ ನೋಡಿ 2013ರಲ್ಲಿ ಬರೆದದ್ದು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಶುರುವಾಗಿತ್ತು, ಓದು ಬರಹ ಬಾರದವರಲ್ಲೂ ಈ ಅಂತರ ಇತ್ತು. ಎರಡು ಭಾಷೆಯಿಂದ ಮಕ್ಕಳ ಎಕ್ಸಿಕ್ಯುಟಿವ್ ಫಂಕ್ಷನ್ ಹೆಚ್ಚುತ್ತದಾ ಅನ್ನುವುದರ ಮೇಲೆ ಮಾತ್ರ ದೊಡ್ಡ ಜಗಳವೇ ಇದೆ, ಎಷ್ಟೋ ಅಧ್ಯಯನ ಒಟ್ಟು ಹಾಕಿ ನೋಡಿದವರಿಗೆ ಲಾಭ ಕಂಡಿಲ್ಲ. ಲಾಭಕ್ಕಾಗಿ ಅಂತಲ್ಲ, ಅಜ್ಜಿ ಹೇಳುವ ಕಥೆ ಅರ್ಥವಾಗಲಿ ಅಂತ ಕನ್ನಡ ಇರಲಿ.

ಡಾಕ್ಟರ ಹತ್ತಿರ ಯಾವಾಗ

ಇಷ್ಟೆಲ್ಲ ಸಂಸ್ಕೃತಿ, ರೂಢಿ ಅಂತ ಹೇಳಿದೆ ಅಂತ ಎಡಿಎಚ್‌ಡಿ (ಗಮನ ನಿಲ್ಲಿಸಲು, ಒಂದು ಕಡೆ ಕೂರಲು ಕಷ್ಟವಾಗುವ ತೊಂದರೆ) ಅನ್ನುವುದೇ ಸುಳ್ಳು ಅಂದುಕೊಳ್ಳಬೇಡಿ. ಅದು ನಿಜ, ಅದಕ್ಕೆ ಸಹಾಯವೂ ಇದೆ. ಮಗುವಿಗೆ ಮನೆ, ಶಾಲೆ, ಆಟದ ಬಯಲು, ಅಜ್ಜಿ ಮನೆ ಇವುಗಳಲ್ಲಿ ಎರಡು ಅಥವಾ ಹೆಚ್ಚು ಕಡೆ ಕಷ್ಟವಾಗುತ್ತಿದ್ದರೆ, ಆರು ತಿಂಗಳಿಗಿಂತ ಹೆಚ್ಚು ಕಾಲ ಹೀಗೇ ನಡೆದಿದ್ದರೆ, ತನಗೆ ಇಷ್ಟವಾದ ಕೆಲಸವನ್ನೂ ಮುಗಿಸಲಾಗದೆ ಅದು ತಾನೇ ನೊಂದುಕೊಳ್ಳುತ್ತಿದ್ದರೆ ತಡ ಮಾಡಬೇಡಿ. ಬರೀ ಒಂದು ಕ್ಲಾಸಿನಲ್ಲಿ, ಒಬ್ಬ ಟೀಚರ್ ಹತ್ತಿರ ಮಾತ್ರ ತೊಂದರೆಯಾದರೆ ಮೊದಲು ಆ ಟೀಚರ್ ಜೊತೆ ಕೂತು ಮಾತಾಡಿ. ಕಿವಿ, ಕಣ್ಣಿನ ಪರೀಕ್ಷೆ ಮೊದಲು ಮಾಡಿಸಿ, ಬೋರ್ಡ್ ಕಾಣದ ಮಗುವೂ ಗಮನ ಇಲ್ಲದ ಮಗುವಿನ ಹಾಗೇ ಕಾಣುತ್ತದೆ. ನಂತರ ಮಕ್ಕಳ ಡಾಕ್ಟರು, ಅವರು ಹೇಳಿದರೆ ಮಕ್ಕಳ ಮನೋವೈದ್ಯರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ, ಹದಿಹರೆಯದವರಿಗೆ ಅಂತಲೇ ಬೇರೆ ವಿಭಾಗ ಇದೆ.

ಹೋಗುವಾಗ ಆ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಎಲ್ಲಿ ಆಗಲಿಲ್ಲ ಅನ್ನುವ ಪುಟಗಳನ್ನು ಅವರು ಕೇಳುತ್ತಾರೆ. ಎಲ್ಲಿ ಆಯಿತು ಅನ್ನುವ ಪುಟಗಳನ್ನು, ಕೇಳದಿದ್ದರೂ, ನೀವೇ ತೆರೆದು ತೋರಿಸಿ.